ತಾತನ ಎಂಜಿನ್, ಮೊಮ್ಮಗಳ ಗಿರಗಿಟ್ಲೆ

14 ನವೆಂಬರ್ 2025, ಶುಕ್ರವಾರ

ಇವತ್ತು ಮಕ್ಕಳ ದಿನಾಚರಣೆ. ಮಗಳು ಸ್ಕೂಲಿನಲ್ಲಿ ಮಾಡಿದ ಕಾಗದದ ಗಿರಗಿಟ್ಲೆ ಹಿಡಿದುಕೊಂಡೇ ಮನೆಗೆ ಬಂದಳು. ಅಷ್ಟರಲ್ಲಿ ತಲೆ ಮೇಲೆ ಹೆಲಿಕಾಪ್ಟರ್ ಸದ್ದು. ಅಪ್ಪ ಪೇಪರಿನಿಂದ ಕಣ್ಣೆತ್ತದೆ "ಧ್ರುವ" ಅಂದರು. ಹೊರಗೆ ಹೋಗಿ ನೋಡಿದರೆ ಧ್ರುವನೇ. ಎಚ್‌ಎಎಲ್ ಎಂಜಿನ್ ಶಾಪಿನಲ್ಲಿ ಮೂವತ್ತು ವರ್ಷ ಪಳಗಿದ ಕಿವಿ ಅದು.

"ತಾತ, ಅದರ ರೆಕ್ಕೆ ಹೇಗೆ ತಿರುಗುತ್ತೆ?"

ಅಪ್ಪನಿಗೆ ಅಷ್ಟು ಸಾಕಾಯಿತು. ಟೇಬಲ್ ಫ್ಯಾನ್ ಹಾಕಿ, ಎದುರಿಗೆ ಗಿರಗಿಟ್ಲೆ ಹಿಡಿಸಿದರು. ಗಿರ್ರನೆ ತಿರುಗಿತು. "ಈಗ ಅದನ್ನ ಬೆರಳಲ್ಲಿ ತಡಿ, ಪುಟ್ಟಿ." ತಡೆದಳು. ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು.

ಧ್ರುವದಲ್ಲಿರುವ, 'ಶಕ್ತಿ' ಅನ್ನುವ ಹೆಸರಿನ ಎಂಜಿನ್ನಿನಲ್ಲೂ ಹೀಗೇ ಅಂತೆ. ಎಳೆದುಕೊಂಡ ಗಾಳಿಯನ್ನು ಒತ್ತಿ, ಇಂಧನ ಚಿಮ್ಮಿಸಿ ಉರಿಸುತ್ತದೆ. ಆ ಬಿಸಿ ಗಾಳಿ ಮೊದಲ ಟರ್ಬೈನನ್ನು, ಅಂದರೆ ಬ್ಲೇಡುಗಳ ಚಕ್ರವನ್ನು, ತಿರುಗಿಸುತ್ತದೆ. ಗಾಳಿ ಒತ್ತುವ ಕಂಪ್ರೆಸರ್ ಓಡಿಸುವುದು ಅದರ ಕೆಲಸ. ಅಲ್ಲಿಂದ ಮುಂದೆ ಹೋದ ಗಾಳಿ ಇನ್ನೊಂದು ಟರ್ಬೈನಿಗೆ ಬಡಿಯುತ್ತದೆ. ರೆಕ್ಕೆ ತಿರುಗಿಸುವ ಬಲ ಬರುವುದು ಇದರಿಂದ. ಎರಡನ್ನೂ ಕೂಡಿಸುವ ಶಾಫ್ಟೇ ಇಲ್ಲ, ನಡುವೆ ಇರುವುದು ಗಾಳಿಯೊಂದೇ.

ಅಪ್ಪ ಬಿಚ್ಚಿ ಜೋಡಿಸುತ್ತಿದ್ದ ಆರ್ಟೂಸ್ಟ್ ಹಾಗಲ್ಲ. ಚೇತಕ್, ಚೀತಾ ಹೆಲಿಕಾಪ್ಟರ್‌ಗಳ ಎಂಜಿನ್ ಅದು. ಪೂರ್ತಿ ಒಂದೇ ಶಾಫ್ಟ್. ಸ್ಟಾರ್ಟ್ ಮಾಡುವಾಗ ರೆಕ್ಕೆಯ ಭಾರ ಬೀಳದಿರಲಿ ಅಂತ ಕ್ಲಚ್ ಇರುತ್ತದೆ. "ಬ್ಲೇಡು ನೆಗ್ಗಿದೆಯಾ ನೋಡೋಕೆ ಅದರ ಅಂಚಿಗೆ ಉಗುರು ಎಳೀಬೇಕು. ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತೆ" ಅಂತ ಮಗಳ ಬೆರಳು ಹಿಡಿದು ಸ್ಟೀಲ್ ತಟ್ಟೆಯ ಅಂಚಿನ ಸುತ್ತ ಎಳೆದರು. ಒಂದು ಕಡೆ ಚೂರು ನೆಗ್ಗಿತ್ತು. "ಇಲ್ಲಿ!" ಅಂದಳು. ಅಪ್ಪನ ಮುಖ ನೋಡಬೇಕಿತ್ತು.

ನನ್ನ ಮನಸ್ಸಿನಲ್ಲಿ ಉಳಿದ ಮಾತು ಬೇರೆ. ಆರ್ಟೂಸ್ಟ್‌ನ ತಾಕತ್ತು 870 ಅಶ್ವಶಕ್ತಿ. ಚೀತಾದಲ್ಲಿ ಬಳಸುವುದು 550 ಮಾತ್ರ. ಯಾಕೆ ಅಂದರೆ 5000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 60ರಷ್ಟೇ. ಎಂಜಿನ್ ಅಲ್ಲಿ ಸೊರಗುತ್ತದೆ. ಕೆಳಗೆ ಬಳಸದೆ ಉಳಿಸಿದ ಶಕ್ತಿ ಮೇಲೆ ಕೈ ಹಿಡಿಯುತ್ತದೆ. 1984ರ ಏಪ್ರಿಲ್ 13ರಂದು ನಮ್ಮ ಸೈನಿಕರನ್ನು ಸಿಯಾಚಿನ್‌ಗೆ ಇಳಿಸಿದ್ದು ಇದೇ ಚೀತಾ. ಈಗ 5000 ಮೀಟರಿನಲ್ಲಿ ಇಳಿದು ಏರಬಲ್ಲ ಪ್ರಚಂಡ್ ಯುದ್ಧ ಹೆಲಿಕಾಪ್ಟರ್‌ಗೆ ಎರಡು 'ಶಕ್ತಿ' ಎಂಜಿನ್. ಫ್ರಾನ್ಸಿನ ಕಂಪನಿಯ ಜೊತೆ ಸೇರಿ ಎಚ್‌ಎಎಲ್ ರೂಪಿಸಿದ ಎಂಜಿನ್ ಅದು. ಅದರ ಹೆಸರು ಬಂದಾಗೆಲ್ಲ ಅಪ್ಪನ ದನಿ ಸ್ವಲ್ಪ ಏರುತ್ತದೆ. ನನಗೂ ಹೆಮ್ಮೆಯೇ.

"ತಾತ, ಮೇಲೆ ಹೋದಾಗ ಎಂಜಿನ್ ನಿಂತುಬಿಟ್ರೆ?"

ಆಗ ಅಪ್ಪ ಫ್ರೆಂಚ್ ಪೈಲಟ್ ಝಾನ್ ಬುಲೆ ಕಥೆ ಹೇಳಿದರು. ಚೀತಾದ ಮೂಲ ಫ್ರಾನ್ಸಿನ ಲಾಮಾ ಹೆಲಿಕಾಪ್ಟರ್. 1972ರ ಜೂನ್ 21ರಂದು ಬುಲೆ ಅದನ್ನು 12,442 ಮೀಟರ್‌ಗೆ ಏರಿಸಿ ದಾಖಲೆ ಮಾಡಿದರು. ಅಲ್ಲೇ ಎಂಜಿನ್ ಆರಿಹೋಯಿತು. ಮತ್ತೆ ಹೊತ್ತಲೇ ಇಲ್ಲ. ಕೆಳಗೆ ಇಳಿಯುತ್ತಾ ಇದ್ದಂತೆ ಕೆಳಗಿನಿಂದ ಬಡಿದ ಗಾಳಿಯೇ ರೆಕ್ಕೆಯನ್ನು ತಿರುಗಿಸಿತು. ಅಷ್ಟೆತ್ತರದಿಂದ ಹಾಗೇ ಇಳಿದು ಬಂದು ನೆಲ ಮುಟ್ಟಿದರು.

ಮಗಳು ಗಿರಗಿಟ್ಲೆಯ ಮುಖ ನೆಲಕ್ಕೆ ತಿರುಗಿಸಿ ಹಿಡಿದು ಮೆಟ್ಟಿಲು ಧಡಧಡ ಇಳಿದಳು. ತಿರುಗಿತು. ಮತ್ತೆ ಹತ್ತಿದಳು. ಅಪ್ಪ ಕೆಳಗಿನ ಮೆಟ್ಟಿಲ ಹತ್ತಿರ ಕೈ ಚಾಚಿ ನಿಂತಿದ್ದರು.