ಹಪ್ಪಳದ ಡಬ್ಬಿಯಲ್ಲಿ ಎರಡು ಟಿಬಿ

ಜೂನ್ 29, 2025, ಭಾನುವಾರ
ಶಿರಸಿ

ಮಧ್ಯಾಹ್ನದಿಂದ ಕರೆಂಟಿಲ್ಲ. ಮಳೆ ಮಾತ್ರ ಒಂದೇ ಸಮ ಹೊಯ್ಯುತ್ತಿದೆ. ಹೊಸ ಡಿಸ್ಕಿಗೆ ಫೋಟೋ ಕಾಪಿ ಆಗುತ್ತಿತ್ತು, ನಿಂತೇ ಹೋಯಿತು ಅಂದುಕೊಂಡು ಓಡಿ ಬಂದು ನೋಡಿದರೆ ಅದು ತನ್ನ ಪಾಡಿಗೆ ನಡೆಯುತ್ತಲೇ ಇದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅಂಗೈಯಗಲದ ಡಿಸ್ಕಿಗೆ ಬೇಕಾದಷ್ಟು ಕರೆಂಟು ಯುಎಸ್‌ಬಿ ವಯರಿನಲ್ಲೇ ಹೋಗುತ್ತದೆ. ಕಾಪಿ 62 ಪರ್ಸೆಂಟ್ ಆಗಿದೆ. ಬ್ಯಾಕಪ್ಪಿಗೆ ಯಾವುದು ತಗೊಳ್ಳುವುದು ಅಂತ ಎರಡು ವಾರದಿಂದ ಭಾವನ ಜೊತೆ ನಡೆಯುತ್ತಿದ್ದ ವಾದಕ್ಕೆ ಇದೇ ಉತ್ತರ ಅನ್ನಿಸಿತು.

ಇದೆಲ್ಲ ಶುರುವಾಗಿದ್ದು ಮೇ ತಿಂಗಳಲ್ಲಿ. ಹಳೆ ಡಿಸ್ಕ್ ಹಚ್ಚಿದರೆ ಹಲ್ಲಿ ಲೊಚಗುಟ್ಟಿದ ಹಾಗೆ ಟಿಕ್ ಟಿಕ್ ಸದ್ದು, ಆಮೇಲೆ ಏನೂ ಇಲ್ಲ. 2024ರ ಮಾರಿಕಾಂಬಾ ಜಾತ್ರೆಯ ಫೋಟೋ, ತಂಗಿಯ ಮದುವೆಯ ವಿಡಿಯೋ, ಅಜ್ಜನ ಅಡಿಕೆ ಲೆಕ್ಕದ ಪುಸ್ತಕಗಳ ಸ್ಕ್ಯಾನ್, ಎಲ್ಲ ಅದರಲ್ಲಿತ್ತು. ಪುಣ್ಯಕ್ಕೆ ಲ್ಯಾಪ್‌ಟಾಪಿನಲ್ಲೂ ಇತ್ತು. ಆದರೆ ಆ ಹೊತ್ತಿಗೆ ಉಳಿದಿದ್ದು ಅದೊಂದೇ ಪ್ರತಿ, ಅದೂ ದಿನಾ ಕಾಫಿ ಲೋಟದ ಪಕ್ಕದಲ್ಲೇ ಕೂತಿರುವ ಲ್ಯಾಪ್‌ಟಾಪ್! ಅಜ್ಜನ ಪುಸ್ತಕಗಳಂತೂ ಒರಲೆ ಹಿಡಿದು ಅರ್ಧ ಹೋಗಿವೆ, ಮತ್ತೆ ಸ್ಕ್ಯಾನ್ ಮಾಡ್ತೇನೆ ಅಂದರೂ ಆಗುವುದಿಲ್ಲ.

ಬೆಂಗಳೂರಿನ ಭಾವನದು ಒಂದೇ ಹಟ. "ನ್ಯಾಸ್ ತಗೊ ಮಾರಾಯಾ, ಒಂದ್ಸಲ ಇಟ್ರೆ ಮುಗ್ದೋತು." ನ್ಯಾಸ್ ಅಂದರೆ ರೌಟರಿಗೆ ಜೋಡಿಸಿ ಇಡುವ ಡಿಸ್ಕಿನ ಡಬ್ಬಿ. ಮನೆಯ ಫೋನು, ಲ್ಯಾಪ್‌ಟಾಪು ಎಲ್ಲ ರಾತ್ರಿ ಹೊತ್ತು ತಾವಾಗಿ ಅದರೊಳಗೆ ಬ್ಯಾಕಪ್ ಆಗುತ್ತವೆ, ಯಾರೂ ನೆನಪಿಟ್ಟು ವಯರು ಚುಚ್ಚುವ ಕೆಲಸ ಇಲ್ಲ. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ್ದು, ಸುಳ್ಳಲ್ಲ. ಅಂಗಡಿಗೆ ಹೋಗಿ ವಿಚಾರಿಸಿಯೂ ಬಂದೆ. ಡಿಸ್ಕ್ ಇಲ್ಲದ ಖಾಲಿ ಡಬ್ಬಿಗೇ ನನ್ನ ಎರಡು ಎಕ್ಸ್‌ಟರ್ನಲ್ ಡಿಸ್ಕಿನ ದುಡ್ಡಿಗಿಂತ ಜಾಸ್ತಿ.

ದುಡ್ಡು ಹೋಗಲಿ. ನಮ್ಮ ಮನೆ ಸಂಗತಿಯೇ ಬೇರೆ. ದೂರದಲ್ಲೆಲ್ಲೋ ಗುಡುಗಿದರೆ ಸಾಕು, ನನ್ನ ಹೆಂಡತಿ ಟಿವಿ, ಫ್ರಿಜ್ಜು, ರೌಟರು ಅಂತ ಸಾಲಾಗಿ ಪ್ಲಗ್ ಕೀಳುತ್ತಾ ಬರುತ್ತಾಳೆ. ಅವಳದು ತಪ್ಪಲ್ಲ, ಈ ಮೇ ತಿಂಗಳ ಸಿಡಿಲಿಗೇ ಒಂದು ರೌಟರು ಸುಟ್ಟಿದೆ. ನ್ಯಾಸ್ ಇದ್ದರೆ ಅದರ ಪ್ಲಗ್ಗೂ ಹೋಗುತ್ತದೆ, ಬರೆಯುತ್ತಾ ಇರುವಾಗಲೇ ಕಿತ್ತರೆ ಫೈಲು ಕೆಡಬಹುದು. ಹಾಗಾಗಿ ಯುಪಿಎಸ್ ಬೇಕು, ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. 20 ವ್ಯಾಟ್ ಅಂತ ಇಟ್ಟುಕೊಂಡರೂ ದಿನಕ್ಕೆ ಅರ್ಧ ಯುನಿಟ್, ತಿಂಗಳಿಗೆ 14-15 ಯುನಿಟ್. ಇನ್ನು ಸ್ಪೀಡು. ನನ್ನ ಹತ್ತಿರ ಇರುವುದು 400 ಜಿಬಿ. ನಮ್ಮ ವೈಫೈ ಸೆಕೆಂಡಿಗೆ 20 ಎಂಬಿ ಎಳೆದರೆ ದೊಡ್ಡದು, ಮೊದಲ ಸಲಕ್ಕೇ ಐದೂವರೆ ತಾಸು ಬೇಕು. ಯುಎಸ್‌ಬಿಯಲ್ಲಿ 100 ಎಂಬಿ ಸಿಕ್ಕರೆ ಒಂದು ತಾಸು ಚಿಲ್ಲರೆ. ಸಣ್ಣ ಸಣ್ಣ ಫೈಲು ರಾಶಿ ಇದ್ದರೆ ಎರಡೂ ಕಡೆ ತಡವೇ, ಅದು ಬೇರೆ ಮಾತು.

"ಎರಡು ಡಿಸ್ಕ್ ಹಾಕಿ ರೈಡ್ ಮಾಡು, ಒಂದು ಹೋದ್ರೂ ಇನ್ನೊಂದು ಇರ್ತು" ಅಂದ ಭಾವ. ಅಂದರೆ ಬರೆದಿದ್ದೆಲ್ಲ ಎರಡೂ ಡಿಸ್ಕಿಗೆ ಒಟ್ಟಿಗೇ ಹೋಗುವ ಹಾಗೆ ಜೋಡಿಸುವುದು. ಸರಿ, ಡಿಸ್ಕ್ ಕೆಟ್ಟರೆ ಅದು ಕಾಯುತ್ತದೆ. ಆದರೆ ನಾನೇ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ? ಕನ್ನಡಿ ಇದ್ದ ಹಾಗೆ, ಆ ಕಡೆಯೂ ಅದೇ ಕ್ಷಣಕ್ಕೆ ಅಳಿಸುತ್ತದೆ. ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕರೂ ಅಷ್ಟೇ, ಲ್ಯಾಪ್‌ಟಾಪಿಗೆ ಕಾಣುವ ನ್ಯಾಸಿನ ಫೋಲ್ಡರನ್ನೂ ಬಿಡುವುದಿಲ್ಲ. ಹಳೆಯದನ್ನು ಉಳಿಸಿಕೊಳ್ಳುವ ಸ್ನ್ಯಾಪ್‌ಶಾಟ್ ಅಂತ ಇದೆಯಂತೆ, ಅದನ್ನು ಸರಿಯಾಗಿ ಕೂರಿಸುವ ತಾಳ್ಮೆ ನನಗಿಲ್ಲ. ಭಾವನ ಮನೆಯಲ್ಲಿ ನಾಲ್ಕು ಕಂಪ್ಯೂಟರ್, ಅವನಿಗೆ ಅದು ಸರಿ. ಆದರೂ ಹೊರಗಡೆ ಇನ್ನೊಂದು ಪ್ರತಿ ಇಟ್ಟಿದ್ಯಾ ಅಂತ ಕೇಳಿದರೆ ಮಾತು ಬದಲಿಸಿದ!

ಕೊನೆಗೆ 2 ಟಿಬಿಯ, ಅಂದರೆ 2000 ಜಿಬಿಯ, ಎರಡು ಡಿಸ್ಕ್ ತಂದೆ. ಒಂದು ಇಲ್ಲಿ, ಒಂದು ಸಿದ್ದಾಪುರದ ಕಡೆಯ ಮೂಲ ಮನೆಯಲ್ಲಿ. ಹದಿನೈದು ದಿನಕ್ಕೊಮ್ಮೆ ಹೇಗೂ ಊರಿಗೆ ಹೋಗುತ್ತೇನೆ, ಹೋದಾಗ ಅದಲು ಬದಲು. ನಡುವೆ ಏನಾದರೂ ಆದರೆ ಹದಿನೈದು ದಿನದ್ದು ಹೋಗಬಹುದು, ಅಷ್ಟು ಒಪ್ಪಿಕೊಂಡಿದ್ದೇನೆ. ಚಿಂತೆ ಇದ್ದಿದ್ದು ಊರಿನ ಥಂಡಿಯದು. ಮಳೆಗಾಲದಲ್ಲಿ ಅಲ್ಲಿ ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಫೋನಿನಲ್ಲಿ ಆಯಿಗೆ ಹೇಳಿದರೆ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಹಲಸಿನ ಹಪ್ಪಳದ ಡಬ್ಬಿಲಿ ಇಡು ತಮಾ, ಅದ್ರೊಳಗೆ ಥಂಡಿ ಹೋಗ್ತಿಲ್ಲೆ." ಮನೆಯಲ್ಲಿ ಅಷ್ಟು ಬಿಗಿ ಮುಚ್ಚಳ ಇನ್ಯಾವುದಕ್ಕೂ ಇಲ್ಲ, ಅಲ್ವಾ! ಶೂ ಡಬ್ಬಿಯಲ್ಲಿ ಬಂದ ಸಿಲಿಕಾ ಜೆಲ್ ಪೊಟ್ಟಣ ಎರಡು ಎತ್ತಿಟ್ಟಿದ್ದೇನೆ, ಅದನ್ನೂ ಜೊತೆಗೆ ಹಾಕುವುದು.

ಸಂಜೆ ಆರಕ್ಕೆ ಕರೆಂಟು ಬಂತು. ಅಷ್ಟರಲ್ಲಿ ಕಾಪಿ ಮುಗಿದಿತ್ತು. ಸುಮ್ನೆ ನಂಬಬಾರದು ಅಂತ ಹೊಸ ಡಿಸ್ಕಿನಿಂದಲೇ ಹತ್ತು ಫೈಲು ತೆರೆದು ನೋಡಿದೆ. ಜಾತ್ರೆಯ ರಥ ಬಂತು, ತಂಗಿಯ ಧಾರೆಯ ವಿಡಿಯೋ ಓಡಿತು. ಅಜ್ಜನ ಪುಸ್ತಕದ ಒಂದು ಪುಟ, ಒರಲೆ ತಿಂದ ತೂತಿನ ಸಮೇತ ಬಂದಿದೆ.

ಹಪ್ಪಳ ಖಾಲಿಯಾಗುವವರೆಗೆ ಡಬ್ಬಿ ಕೊಡುವುದಿಲ್ಲವಂತೆ ಆಯಿ. ಮುಂದಿನ ಭಾನುವಾರ ಹೋಗಿ ತಿಂದು ಮುಗಿಸಬೇಕು.