ಬಂದ ಕಾರಣ: ಕನ್ನಡಕ

ಮೊದಲು ಅದು ನುಸಿ ಅಂದುಕೊಂಡೆ. ಬಲಗಣ್ಣಿನ ಅಂಚಿನಲ್ಲಿ ಹಾರಾಡುತ್ತಿತ್ತು. ಕೈ ಬೀಸಿದೆ, ಹೋಗಲಿಲ್ಲ. ಕಣ್ಣು ಹೊರಳಿಸಿದ ಕಡೆಗೆಲ್ಲ ತಾನೂ ತೇಲಿಕೊಂಡು ಬಂತು. ರಾತ್ರಿ ದೀಪ ಆರಿಸಿದ ಮೇಲೆ ಅದೇ ಕಣ್ಣಿನ ಮೂಲೆಯಲ್ಲಿ ಪಳಕ್ ಅಂತ ಒಂದು ಮಿಂಚು. ನನ್ನದು ಮೈನಸ್ 7ರ ಕಣ್ಣು, ಇಂಥ ಕಣ್ಣಿಗೆ ರೆಟಿನಾ, ಅಂದರೆ ಕಣ್ಣಿನೊಳಗೆ ಹಿಂಬದಿಯ ತೆಳು ಪದರ, ಹರಿಯುವ ಭಯ ಉಳಿದವರಿಗಿಂತ ಜಾಸ್ತಿ. ಬೆಳಿಗ್ಗೆಯೇ ಡಾಕ್ಟರ ಹತ್ತಿರ ಓಡಿದೆ.

ಕೌಂಟರಿನಲ್ಲಿ ಒಂದು ಫಾರಂ ಕೊಟ್ಟರು. 'ಬಂದ ಕಾರಣ' ಅಂತ ಇದ್ದಲ್ಲಿ ಏನು ಬರೆಯುವುದು? ಮಿಂಚು, ನುಸಿ ಅಂತೆಲ್ಲ ಬರೆದರೆ ಹುಚ್ಚು ಅಂದುಕೊಂಡಾರು. ಹೇಗೂ ಬಂದಿದ್ದೀನಿ, ನಂಬರೂ ನೋಡಿಸಿಬಿಡೋಣ ಅಂತ 'ಕನ್ನಡಕ' ಅಂತ ಗೀಚಿದೆ.

ಕಣ್ಣಿಗೆ ಹನಿ ಹಾಕಿ ಕೂರಿಸಿದರು. ಪಾಪೆ ಅಗಲವಾದ ಮೇಲೆ ಡಾಕ್ಟರು ತಲೆಗೆ ದೀಪ ಕಟ್ಟಿಕೊಂಡು ಬಂದು, 'ಮೇಲೆ ನೋಡಿ, ಮೂಗಿನ ಕಡೆ, ಈಗ ಕಿವಿ ಕಡೆ' ಅನ್ನುತ್ತಾ ರೆಪ್ಪೆಯ ಮೇಲಿಂದ ಮೊಂಡು ಕಡ್ಡಿಯಲ್ಲಿ ಒತ್ತಿ ಒತ್ತಿ ನೋಡಿದರು. ಕಣ್ಣೀರು ಕೆನ್ನೆಯಿಂದ ಕುತ್ತಿಗೆಗೆ ಇಳಿಯಿತು. ಕಣ್ಣಿನೊಳಗೆ ತುಂಬಿರುವ ಲೋಳೆ, ಅದೇ ವಿಟ್ರಿಯಸ್, ವಯಸ್ಸಾದಂತೆ ನೀರಾಗಿ ರೆಟಿನಾದಿಂದ ಬಿಟ್ಟುಕೊಳ್ಳುತ್ತದಂತೆ. ಬಿಡುವಾಗ ಎಳೆಯುತ್ತದೆ, ಆ ಎಳೆತವೇ ಮಿಂಚು. ಅದರ ಎಳೆಗಳ ನೆರಳೇ ನನ್ನ ನುಸಿ. ಕೆಲವೊಮ್ಮೆ ಎಳೆತಕ್ಕೆ ರೆಟಿನಾ ಹರಿಯುವುದೂ ಉಂಟು. ನನ್ನದು ಹರಿದಿರಲಿಲ್ಲ. 'ಕಪ್ಪು ಪರದೆ ಇಳಿದಂತಾದರೆ ಆ ಕ್ಷಣವೇ ಬನ್ನಿ, ಇಲ್ಲದಿದ್ದರೆ ಆರು ವಾರ ಬಿಟ್ಟು' ಅಂದರು.

ಇನ್ಶೂರೆನ್ಸಿಗೆ ಬಿಲ್ ಕಳಿಸಿದೆ. ಕ್ಲೇಮ್ ವಾಪಸ್ ಬಂತು: ಕನ್ನಡಕದ ತಪಾಸಣೆ ಪಾಲಿಸಿಯಲ್ಲಿ ಸೇರುವುದಿಲ್ಲವಂತೆ. ಮೈ ಉರಿದುಹೋಯಿತು. ಕಡ್ಡಿಯಲ್ಲಿ ಒತ್ತಿಸಿಕೊಂಡದ್ದು ಕನ್ನಡಕಕ್ಕಾ?

ತಂಗಿಗೆ ಫೋನ್ ಮಾಡಿದೆ. ಪಾಲಿಸಿಯ ಇರುವೆಯಂಥ ಅಕ್ಷರಗಳನ್ನೂ ಬಿಡದೆ ಓದುವವಳು.

'ಅಕ್ಕಾ, ಬಿಲ್ಲಿನಲ್ಲಿ ಕೋಡ್ ಏನಿದೆ ನೋಡು.'

'ಎಚ್ 52 ಅಂತಿದೆ.'

'ಅದು ಬರೀ ಕನ್ನಡಕದ ನಂಬರಿನ ಕೋಡು ಕಣಕ್ಕಾ.'

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಪ್ರತಿ ಕಾಯಿಲೆಗೂ ಒಂದು ಕೋಡ್ ಇದೆ. ಸಮೀಪದೃಷ್ಟಿ, ಚಾಳೀಸು ಎಲ್ಲ ಎಚ್ 52ರ ಕೆಳಗೆ. ವಿಟ್ರಿಯಸ್ ತೊಂದರೆಗಳು ಎಚ್ 43. ಕ್ಲೇಮ್ ನೋಡುವವರಿಗೆ ನನ್ನ ಕಣ್ಣೀರು ಕಾಣುವುದಿಲ್ಲ, ಕೋಡ್ ಕಾಣುತ್ತದೆ. ತಂಗಿಗೆ ಸಕ್ಕರೆ ಕಾಯಿಲೆ. ಅವಳಿಗೆ ಕಣ್ಣಿನ ತೊಂದರೆ ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ರೆಟಿನಾ ತೋರಿಸುತ್ತಾಳೆ, ಅದು ಸಕ್ಕರೆ ಕಾಯಿಲೆಯ ಲೆಕ್ಕದಲ್ಲೇ ಅವಳ ಪಾಲಿಸಿಯಿಂದ ಹೋಗುತ್ತದೆ. (ಅಡ್ಮಿಟ್ ಆಗದೆ ತೋರಿಸಿಕೊಂಡು ಬಂದರೆ ಕಾಸೂ ಕೊಡದ ಪಾಲಿಸಿಗಳೂ ಇವೆ. ನಮ್ಮಿಬ್ಬರವೂ ಕೊಡುವಂಥವು, ಪುಣ್ಯ.)

ಮತ್ತೆ ಹೋಗಿ ಬಿಲ್ಲಿಂಗಿನವರನ್ನು ಕೇಳಿದೆ. ನಾನು ಹೇಳಿದೆ ಅಂತ ಕೋಡ್ ಬದಲಾಯಿಸುವ ಹಾಗಿಲ್ಲ, ಬದಲಾಯಿಸಲೂಬಾರದು. ಬರೀ ನಂಬರ್ ನೋಡಿಸಿ ಬಂದು ಕಾಯಿಲೆ ಅಂತ ಬರೆಸಿದರೆ ಅದು ಮೋಸವೇ. ಆದರೆ ಡಾಕ್ಟರ ಟಿಪ್ಪಣಿಯಲ್ಲಿ ಮಿಂಚು, ಹನಿ, ಕಡ್ಡಿ, ಎಲ್ಲ ದಾಖಲಾಗಿತ್ತು. ನನ್ನ 'ಕನ್ನಡಕ' ನೋಡಿ ಯಾರೋ ಬಿಲ್ ಮಾಡಿದ್ದರು ಅಷ್ಟೇ. ತಿದ್ದಿದ ಬಿಲ್ಲು, ಟಿಪ್ಪಣಿಯ ಪ್ರತಿ ಎರಡನ್ನೂ ಸೇರಿಸಿ ಮತ್ತೆ ಕಳಿಸಿದೆ. ಹಣ ಬಂತು, ನಂಬರ್ ನೋಡಿದ ಶುಲ್ಕ ಕಳೆದು. ಅದು ನ್ಯಾಯವೇ, ತಕರಾರಿಲ್ಲ.

ಆರು ವಾರದ ಭೇಟಿಗೆ ಹೋದಾಗ ಮತ್ತದೇ ಫಾರಂ. 'ಬಲಗಣ್ಣಿನಲ್ಲಿ ಮಿಂಚು, ತೇಲುವ ಚುಕ್ಕೆ, ಕಳೆದ ಸಲದ ಮುಂದುವರಿಕೆ' ಅಂತ ಬರೆದೆ. ಜಾಗ ಸಾಲದೆ ಪಕ್ಕದ 'ಉದ್ಯೋಗ'ದ ಚೌಕಕ್ಕೂ ಹರಿಯಿತು. ಕೌಂಟರಿನ ಹುಡುಗಿ ಓದಿ, 'ನಂಬರೂ ನೋಡಬೇಕಾ ಮೇಡಂ?' ಅಂದಳು.

'ಬೇಡಮ್ಮ, ಅದಕ್ಕೆ ಇನ್ನೊಂದು ದಿನ ಬರ್ತೀನಿ.'