ಅಮ್ಮ ಇರುವ ಅನಾಥರು

ಈ ಭಾನುವಾರ ಚರ್ಚಿನ ಆರಾಧನೆಯಲ್ಲಿ ನಾನು ಸಾಕ್ಷಿ ಹೇಳಬೇಕಂತೆ, ಅಂದರೆ ಸೇವೆಗೆ ಹೋದಲ್ಲಿ ಕಂಡದ್ದನ್ನು ಎಲ್ಲರ ಮುಂದೆ ಹೇಳಬೇಕಂತೆ. ನೇಪಾಳಕ್ಕೆ ಹೋಗಿ ಬಂದ ತಂಡದಲ್ಲಿ ಮೈಕ್ ಕಂಡರೆ ಹೆದರದವನು ನಾನೊಬ್ಬನೇ ಅಂತ ನಮ್ಮ ಪಾದ್ರಿ ಅಯ್ಯನವರ ಅಭಿಪ್ರಾಯ. ಕಾಗದ ಹಿಡಿದು ಕೂತರೆ ಆ ಹುಡುಗನ ಮಾತು ಬಿಟ್ಟು ಬೇರೇನೂ ಬರುತ್ತಿಲ್ಲ.

ಲಲಿತಪುರದ ಹೊರಗಿನ ಒಂದು ಮಕ್ಕಳ ಮನೆ. ಅಲ್ಲಿ ಆರಾಧನೆ ಶನಿವಾರ, ಊರಿಗೆಲ್ಲ ರಜೆ ಅವತ್ತೇ. ದಾಲ್‌ಭಾತ್ ಬಡಿಸುವ ಮುಂಚೆ ನಮ್ಮ ತಂಡದ ನಾಯಕರು, "ಯಾರಿಗಾಗಿ ಪ್ರಾರ್ಥನೆ ಮಾಡಬೇಕು, ಹೇಳಿ ಮಕ್ಕಳೇ" ಅಂದರು. ಪರೀಕ್ಷೆ ಬಂತು, ಜ್ವರ ಬಂತು, ಫುಟ್‌ಬಾಲ್ ಮ್ಯಾಚೂ ಬಂತು. ಆಮೇಲೆ ಸಣ್ಣ ಹುಡುಗನೊಬ್ಬ ಎದ್ದು ಏನೋ ಹೇಳಿದ. ವಾರ್ಡನ್ ದೀದಿ ಹಿಂದಿಯಲ್ಲಿ ತಿಳಿಸಿದರು: "ಅವನ ಅಮ್ಮನಿಗೆ ಮೊಣಕಾಲು ನೋವಂತೆ. ಹುಲ್ಲಿನ ಹೊರೆ ಹೊರಲು ಆಗುತ್ತಿಲ್ಲವಂತೆ."

ಅಮ್ಮ! ನಾವು ಬಂದದ್ದು ಅನಾಥಾಲಯಕ್ಕೆ ಅಲ್ವಾ?

ನಾಯಕರು ಕಣ್ಣು ಮುಚ್ಚಿ, "ತಂದೆ ತಾಯಿ ಇಲ್ಲದ ಈ ಮಕ್ಕಳಿಗೆ ನೀನೇ ದಿಕ್ಕು ಕರ್ತನೇ" ಅಂತ ಶುರು ಮಾಡಿದರು. ಮೊಣಕಾಲಿನ ಸುದ್ದಿ ಕೊನೆಯವರೆಗೂ ಬರಲಿಲ್ಲ. ಒಳ್ಳೆಯ ಮನುಷ್ಯ, ಗಿಟಾರ್ ಚೆನ್ನಾಗಿ ನುಡಿಸುತ್ತಾರೆ. ಆದರೆ ಊರಲ್ಲೇ ಸಿದ್ಧಮಾಡಿಕೊಂಡ ಪ್ರಾರ್ಥನೆಯನ್ನು ಬದಲಾಯಿಸುವ ಪೈಕಿ ಅಲ್ಲ. ಹುಡುಗ ಮಾತ್ರ ಒಂದು ಕಣ್ಣು ತೆರೆದು ಅವರ ಬಾಯಿಯನ್ನೇ ನೋಡುತ್ತಿದ್ದ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ.

ಊಟದ ಮೇಲೆ ದೀದಿಯನ್ನು ಕೇಳಿದೆ. ಹುಡುಗನ ಊರು ಪಶ್ಚಿಮ ನೇಪಾಳದ ಕರ್ಣಾಲಿ ಕಡೆಯ ಜುಮ್ಲಾ. ಅಪ್ಪ ತೀರಿಹೋಗಿದ್ದಾನೆ. "ಇಲ್ಲಿ ಹೆಚ್ಚಿನ ಮಕ್ಕಳಿಗೆ ಮನೆಯವರಿದ್ದಾರೆ. ಓದಿಗೋಸ್ಕರ ಬಿಟ್ಟು ಹೋಗಿದ್ದಾರೆ" ಅಂದರು, ಅದರಲ್ಲೇನು ವಿಶೇಷ ಅನ್ನುವ ಹಾಗೆ. 1996ರಿಂದ 2006ರವರೆಗಿನ ಮಾವೋವಾದಿ ಯುದ್ಧದ ಕಾಲದಲ್ಲಿ ದಲ್ಲಾಳಿಗಳು ಕರ್ಣಾಲಿ ಕಡೆಯ ಹಳ್ಳಿಗಳಿಗೆ ಹೋಗಿ, ಓದಿಸುತ್ತೇವೆ ಅಂತ ದುಡ್ಡು ಇಸಿದುಕೊಂಡು ಮಕ್ಕಳನ್ನು ಕಠ್ಮಂಡುವಿಗೆ ತರುತ್ತಿದ್ದರು. ಕೆಲವರ ಅಪ್ಪ ಅಮ್ಮ ಸುಳ್ಳು ಕಾಗದದಲ್ಲೇ ಸತ್ತುಹೋದರು. 2015ರ ಭೂಕಂಪದ ನಂತರ ಮತ್ತೆ ಹಾಗಾಗಬಾರದು ಅಂತ ಸರ್ಕಾರ ಹೊಸ ಮಕ್ಕಳ ಮನೆಗಳ ನೋಂದಣಿಯನ್ನೇ ತಡೆಹಿಡಿಯಬೇಕಾಯಿತು. ಈ ಮನೆ ಆ ಥರದ್ದಲ್ಲ. ಅಮ್ಮನ ನಂಬರ್ ದೀದಿಯ ಫೋನಿನಲ್ಲೇ ಇತ್ತು.

ನಮ್ಮ ಬ್ಯಾನರ್ ಮೇಲೆ ಯಾಕೋಬನ ಪತ್ರಿಕೆಯ ವಚನ ಇತ್ತು. (2018ರಿಂದ ನೇಪಾಳದಲ್ಲಿ ಮತಾಂತರ ಮಾಡಿಸಿದರೆ ಜೈಲು. ಹಾಗಾಗಿ ಬ್ಯಾನರ್ ಮಂಗಳೂರಿನ ಬಜಪೆ ಏರ್‌ಪೋರ್ಟಿನ ಫೋಟೋಗೆ ಮಾತ್ರ.) ವಚನ ಅನಾಥರನ್ನೂ ವಿಧವೆಯರನ್ನೂ ಒಟ್ಟಿಗೇ ಹೇಳುತ್ತದೆ. ಬ್ಯಾನರಿನಲ್ಲಿ ಜಾಗ ಸಾಲದೆ ವಿಧವೆಯರನ್ನು ಬಿಟ್ಟಿದ್ದರು. ನಾವು ಸೇವೆಯಲ್ಲೂ ಅದನ್ನೇ ಮಾಡುತ್ತೇವೆ. ಮಗುವಿಗೆ ಬಟ್ಟೆ, ಬಣ್ಣದ ಪೆನ್ಸಿಲು, ಹಾಡು. ಅದರ ಅಮ್ಮ ಯಾವ ಪಟ್ಟಿಯಲ್ಲೂ ಇಲ್ಲ.

ನಾವು ಬಾಸೆಲ್ ಮಿಶನ್‌ನವರ ಪೈಕಿ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಆ ಮಿಶನರಿಗಳಿಗೂ ಬೋರ್ಡಿಂಗು, ಅನಾಥಾಲಯ ಎಲ್ಲ ಇದ್ದವು. ಆದರೆ ಅವರು ನೇಯ್ಗೆ ಶುರು ಮಾಡಿದರು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನನ್ನ ಅಜ್ಜನ ಅಪ್ಪನಿಗೆ ಅಲ್ಲಿ ಕೆಲಸ ಸಿಕ್ಕಿತು. ಹಾಗಾಗಿ ಅಜ್ಜ ರಾತ್ರಿ ಮಲಗಿದ್ದು ಬೋರ್ಡಿಂಗಿನಲ್ಲಲ್ಲ, ಅಪ್ಪನ ಮನೆಯಲ್ಲೇ. ನಮ್ಮನ್ನು ಮೇಲೆತ್ತಿದ್ದು ಹಾಡಿಗಿಂತ ಜಾಸ್ತಿ ಆ ಕೂಲಿ ಅಂತ ನನಗೆ ಅನಿಸುತ್ತದೆ. ಅಯ್ಯನವರು ಒಪ್ಪಲಿಕ್ಕಿಲ್ಲ.

ಮೊನ್ನೆ ಖಜಾಂಚಿಗಳ ಹತ್ತಿರ ಮಾತು ತೆಗೆದೆ. ಮುಂದಿನ ಸಲ ನಾವು ಹೋಗುವುದು ಬೇಡ, ವಿಮಾನದ ದುಡ್ಡನ್ನು ದಶೈಂ ಹಬ್ಬಕ್ಕೆ (ಅಲ್ಲಿನ ದಸರಾ) ಮಕ್ಕಳು ಊರಿಗೆ ಹೋಗುವ ಬಸ್ಸಿಗೆ, ಅಮ್ಮಂದಿರ ಔಷಧಿಗೆ ಕಳಿಸೋಣ ಅಂದೆ.

"ಆಗಬಹುದು ಮಾರಾಯ. ಆದರೆ ಮಕ್ಕಳ ಜೊತೆ ನಾವು ನಿಂತ ಫೋಟೋ ಇಲ್ಲದೆ ದುಡ್ಡು ಯಾರು ಕೊಡುತ್ತಾರೆ?"

ಅವರ ಲೆಕ್ಕ ಸರಿಯೇ ಇರಬಹುದು. ಆದರೂ ಬರೆದು ಕಮಿಟಿಗೆ ಕೊಟ್ಟಿದ್ದೇನೆ.